ಗೆರ್ಲಿಂಡೆಯ ಅರ್ಧ ಬೀರು

ನವೆಂಬರ್ 9

ಮತ್ತೆ ಆ ಟೋಪಿ ಇಡುವ ಹಲಗೆಯ ವಿಷಯ. ನಿನ್ನೆ ಅರ್ಧಕ್ಕೇ ಬಿಟ್ಟೆ, ಪೆನ್ನಿನ ಮಸಿಗಿಂತ ಮೊದಲು ನನ್ನ ತಾಳ್ಮೆ ಮುಗಿಯಿತು. ಆ ಹಲಗೆಯನ್ನು ಕಳಚಲು ಆಗುವುದಿಲ್ಲ. ಬೀರು ಮಾಡಿದ ಮಹಾನುಭಾವ ಅದನ್ನು ಅಂಟು ಹಾಕಿ, ಮೊಳೆ ಹೊಡೆದು, ಮೇಲೆ ಇನ್ನೊಂದು ಪಟ್ಟಿ ಬಡಿದು ಕೂರಿಸಿದ್ದಾನೆ. ನಮ್ಮ ಸ್ಟುಟ್‌ಗಾರ್ಟಿನ ಬಡಗಿಗಳೇ ಹಾಗೆ. ಪ್ರಳಯವಾದ ಮೇಲೂ ಟೋಪಿ ಇಡಲು ಜಾಗ ಬೇಕಾಗುತ್ತದೆಂಬ ಮುಂದಾಲೋಚನೆ.

ಹಾಗಾಗಿ ದೀಪ ಹಲಗೆಯ ಕೆಳಗೇ ನೇತಾಡಬೇಕು. ಕುಂಡ ನೆಲದ ಮೇಲೆ. ನಡುವೆ ಉಳಿಯುವುದು ನನ್ನ ಮೊಣಕಾಲಿನಿಂದ ಸೊಂಟದವರೆಗಿನ ಎತ್ತರ. ಅಗಲ, ಬೀರುವಿನ ಎಡಭಾಗ, ಅಂದರೆ ನನ್ನ ಹೆಂಡತಿ ಗೆರ್ಲಿಂಡೆಯ ಅರ್ಧ. ಗಾಂಜಾ ಗಿಡವೋ, ಬಿಟ್ಟರೆ ಆಳೆತ್ತರ ದಾಟುತ್ತದಂತೆ. ಇಲ್ಲಿ ಅದು ಬದುಕಬೇಕಾದರೆ ಮಲಗಿಕೊಂಡೇ ಬೆಳೆಯಬೇಕು.

ಬಾಲ್ಕನಿ ಆಗದು. ಕೆಳಗಿನ ಮಹಡಿಯ ರೋಮಿಂಗರಮ್ಮ, ಈ ಕಟ್ಟಡದ ಒಡತಿ, ದಿನಕ್ಕೆ ಹತ್ತು ಸಲ ಕತ್ತೆತ್ತಿ ನೋಡುತ್ತಾಳೆ. ನೆಲಮಾಳಿಗೆಯ ಬೀಗದ ಕೈ ಎಲ್ಲರ ಬಳಿಯೂ ಇದೆ. ಬೀರುವಿನ ನನ್ನ ಅರ್ಧವೂ ಆಗದು, ಅಲ್ಲಿ ನನ್ನ ಸೂಟುಗಳಿವೆ. ಒಂದನ್ನು ನಿವೃತ್ತಿಯ ದಿನ ಹಾಕಿದ್ದೆ, ಇನ್ನೊಂದನ್ನು ಸೆಪ್ಟೆಂಬರಿನಲ್ಲಿ, ಅವಳನ್ನು ಮಣ್ಣು ಮಾಡಿದ ದಿನ. ಇಷ್ಟು ಓಡಾಡುವ ಸೂಟುಗಳಿಗೆ ಉಸಿರಾಡಲು ಜಾಗ ಬೇಡವೇ?

ಬೀಜಗಳು ಗೆರ್ಲಿಂಡೆಯವು. ಏಪ್ರಿಲಿನಲ್ಲಿ ನಮ್ಮ ಸರ್ಕಾರ ಉದಾರ ಮನಸ್ಸು ಮಾಡಿ, ತಲೆಗೆ ಮೂರು ಗಿಡ ಮನೆಯಲ್ಲೇ ಬೆಳೆಸಿಕೊಳ್ಳಿ ಎಂದಿತು. ಆಗ ಅವಳು ನೋವಿಗೆ ಡಾಕ್ಟರು ಬರೆದುಕೊಟ್ಟ ಅದೇ ಸೊಪ್ಪಿನ ಹನಿಗಳನ್ನು ಕುಡಿಯುತ್ತಿದ್ದಳು. ರಾತ್ರಿ ನಿದ್ದೆ ತರಿಸುತ್ತಿದ್ದುದು ಅದೊಂದೇ. "ಹನಿ ಹನಿಯಾಗಿ ಕೊಂಡ್ಕೊಳ್ಳೋದ್ಯಾಕ್ರೀ? ಅಷ್ಟು ದೊಡ್ಡ ಬೇರಿಕಾಯಿ ಮರಾನೇ ಅಂಗಳದ ಗೋಡೆಗೆ ಒತ್ತಿ ಕಟ್ಟಿ ಚಪ್ಪಟೆ ಮಾಡಿಟ್ಟಿದೀರ, ಈ ಹುಲ್ಲು ನಿಮಗ್ಯಾವ ಲೆಕ್ಕ?" ಎಂದಳು. ಅಂಚೆಯಲ್ಲಿ ಬೀಜ ತರಿಸಿದಳು. ತಲೆಗೆ ಮೂರರಂತೆ ಇಬ್ಬರಿಗೆ ಆರು. ಅವಳು ತರಿಸಿದ್ದು ಮೂರೇ. ಜಿಪುಣರ ಊರಿನಲ್ಲಿ ಹುಟ್ಟಿ ಊರಿಗೇ ಪಾಠ ಹೇಳುವಂಥವಳು.

ಬೇರಿಕಾಯಿ ಕಿತ್ತ ಮೇಲೆ ಬಿತ್ತೋಣ ಎಂದಿದ್ದಳು. ಮಾತು ಕೊಟ್ಟಿದ್ದೆ. ಈ ಸಲ ಬೇರಿಕಾಯಿ ಯಾರೂ ಕೀಳಲಿಲ್ಲ, ಕಣಜಗಳು ತಿಂದವು. ಬೀಜ ಮಾತ್ರ ಉಳಿದಿದೆ. ಕೆಟ್ಟರೆ ಬೇರೆ ಬೀಜ ಅಂಗಡಿಯಲ್ಲಿ ಸಿಗುತ್ತದೆ, ಅವಳು ತರಿಸಿದ್ದು ಸಿಗುವುದಿಲ್ಲ. ಆದ್ದರಿಂದ ಕೆಡಿಸುವಂತಿಲ್ಲ.

ಅವಳ ಬಟ್ಟೆಗಳನ್ನೆಲ್ಲ ತೆಗೆದು ಹಾಸಿಗೆಯ ಮೇಲೆ, ಅವಳ ಮಗ್ಗುಲಿಗೆ ಇಟ್ಟೆ. ತಾತ್ಕಾಲಿಕವಾಗಿ. ನಾನು ಹೇಗೂ ಅಡುಗೆಮನೆಯ ಬೆಂಚಿನ ಮೇಲೆ ಮಲಗುವುದು. ಹಾಸಿಗೆಯ ತಕರಾರೇನಿಲ್ಲ.

ನವೆಂಬರ್ 24

ಸತ್ತವರ ಭಾನುವಾರ. ಇಡೀ ಊರು ಸ್ಮಶಾನದಲ್ಲಿ. ನಾನೂ ಹೋದೆ. ರೋಮಿಂಗರಮ್ಮ ಆಗಲೇ ಬಂದು, ಗೆರ್ಲಿಂಡೆಯ ಗೋರಿಯ ಮೇಲೆ ಅಂಗಡಿಯ ಮಾಲೆ ಇಟ್ಟು, ಸುತ್ತಲಿನ ಎಲೆಗಳನ್ನು ಕೈಯಲ್ಲೇ ಆರಿಸುತ್ತಿದ್ದಳು.

"ನಿಮ್ ಹೂ ಬಾಡಿದೆ ಕಣ್ರೀ."

"ಮೊನ್ನೆ ಇಟ್ಟಿದ್ದು."

"ಮೊನ್ನೆ ಇಟ್ಟಿದ್ದು ಇವತ್ತಿಗೆ ಬಾಡುತ್ತೆ. ಅವ್ಳು ಇದ್ದಿದ್ರೆ ನಿಮಗೆ ಹೇಳೋಳು. ಈಗ ನಾನೇ ಹೇಳ್ಬೇಕು."

ಮನೆಗೆ ಬಂದರೆ ಮೂರೂ ಮೊಳೆತಿವೆ. ತಲಾ ಎರಡೆಲೆ.

ಡಿಸೆಂಬರ್ 12

ಎಸ್ಲಿಂಗನ್ನಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ವರ್ಷ ಇಂಗ್ಲಿಷ್ ಕಲಿತಿದ್ದೆ. ಆಮೇಲೆ ಬದುಕೆಲ್ಲ ಊರಿನ ಒಳಚರಂಡಿ ನಕ್ಷೆ ಬರೆಯುವುದರಲ್ಲೇ ಕಳೆಯಿತು, ಚರಂಡಿಗೆ ಇಂಗ್ಲಿಷು ಬೇಕಾಗಲಿಲ್ಲ. ನೆನಪಿರುವುದು ಎರಡೇ. 'ದ ಟ್ರೇನ್ ಟು ಮ್ಯಾಂಚೆಸ್ಟರ್ ಈಸ್ ಲೇಟ್' ಎಂಬ ವಾಕ್ಯ ಒಂದು. ಇಂಗ್ಲಿಷರು ಹಡಗನ್ನು ಹೆಂಗಸಿನಂತೆ ಕರೆಯುತ್ತಾರೆ ಎಂಬ ಮೇಷ್ಟರ ಮಾತು ಇನ್ನೊಂದು.

ಈಗ ತಿಳಿದದ್ದು, ಗಾಂಜಾ ಗಿಡವನ್ನೂ ಹಾಗೇ ಕರೆಯುತ್ತಾರೆ. ಕಂಪ್ಯೂಟರಿನಲ್ಲಿ ಈ ವಿದ್ಯೆ ಹೇಳಿಕೊಡುವವರೆಲ್ಲ ಇಂಗ್ಲಿಷಿನವರು, ಎಲ್ಲರೂ ಗಡ್ಡದವರು, ಎಲ್ಲರ ಬಾಯಲ್ಲೂ 'ಶೀ', 'ಹರ್'. 'ಡೋಂಟ್ ಬಿ ಅಫ್ರೇಡ್ ಟು ಬೆಂಡ್ ಹರ್.' ಆಕೆಯನ್ನು ಬಗ್ಗಿಸಲು ಹೆದರಬೇಡಿ. ಗೆರ್ಲಿಂಡೆಯ ಜೊತೆ ಒಂದು ವಾರ ಸಂಸಾರ ಮಾಡಿ ನೋಡಿ ಆಮೇಲೆ ಹೇಳು ತಮ್ಮಾ, ಎಂದೆ ಪರದೆಗೆ.

ಆದರೂ ಕೆಲಸ ನನಗೆ ಹೊಸದಲ್ಲ. ಬೇರಿಕಾಯಿ ಮರಕ್ಕೆ ಮಾಡಿದ್ದನ್ನೇ ಮಾಡಬೇಕು. ನೆತ್ತಿಯ ಚಿಗುರನ್ನು ಚಿವುಟಿದರೆ ಪಕ್ಕದ ಕೊಂಬೆಗಳಿಗೆ ಧೈರ್ಯ ಬರುತ್ತದೆ. ಅವು ತಲೆ ಎತ್ತುವ ಮೊದಲೇ ಅಡ್ಡಕ್ಕೆ ಬಗ್ಗಿಸಿ ಕಟ್ಟಬೇಕು. ಯಾವುದೂ ಇನ್ನೊಂದಕ್ಕಿಂತ ಎತ್ತರಕ್ಕೆ ಹೋಗಬಾರದು. ನಮ್ಮ ಬೀದಿಯ ಜನರ ಧರ್ಮವೂ ಇದೇ, ಇದಕ್ಕೆ ಇಂಗ್ಲಿಷಿನವರ ಪಾಠ ಬೇಕಿರಲಿಲ್ಲ.

ಬಟ್ಟೆ ಒಣಹಾಕುವ ಅವಳ ಚೌಕಟ್ಟನ್ನು ಗರಗಸದಲ್ಲಿ ಕೊಯ್ದು ಬೀರುವಿನ ಅಳತೆಗೆ ತಂದೆ. ಅದಕ್ಕೆ ಉದ್ದಕ್ಕೂ ಅಡ್ಡಕ್ಕೂ ದಾರ ಹೆಣೆದು ಬಲೆ ಮಾಡಿದೆ. ಕೊಂಬೆಗಳು ಈ ಬಲೆಯ ಕೆಳಗೆ ಹರಡಬೇಕು.

ಪಾರ್ಸೆಲ್ ದಾರದಲ್ಲಿ ಕಟ್ಟಿದ್ದು ತಪ್ಪಾಯಿತು. ಸಂಜೆಯೊಳಗೆ ಒಂದು ಕೊಂಬೆಯ ಸಿಪ್ಪೆ ಕುಯ್ದುಹೋಗಿತ್ತು. ಮೆತ್ತಗಿನದು ಬೇಕು, ಎಳೆದರೆ ಹಿಗ್ಗುವಂಥದು. ಮನೆಯೆಲ್ಲ ಹುಡುಕಿದೆ. ಕೊನೆಗೆ ಹಾಸಿಗೆಯ ಮೇಲಿನ ರಾಶಿಯಿಂದ ಅವಳ ಒಂದು ತೆಳು ಕಾಲುಚೀಲ ತೆಗೆದು ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆ. ಒಂದೇ ಒಂದು. ಹೇಗೂ ಬೆರಳಿನ ಹತ್ತಿರ ತೂತಾಗಿತ್ತು.

ತೂತಾಗಿರಲಿಲ್ಲ.

ಡಿಸೆಂಬರ್ 25

ಆಲೂಗಡ್ಡೆ ಸಲಾಡ್ ಮಾಡಿದೆ. ಇಬ್ಬರಿಗಾಗುವಷ್ಟಕ್ಕಿಂತ ಕಡಿಮೆ ಮಾಡಲು ನನಗೆ ಬರುವುದಿಲ್ಲ. ಉಳಿದದ್ದನ್ನು ಚೆಲ್ಲುವುದು ಬೇಡವೆಂದು ಬಟ್ಟಲಿಗೆ ಹಾಕಿ ಅಟ್ಟದ ಮನೆಯ ಬಾಗಿಲಲ್ಲಿಟ್ಟು ಬಂದೆ. ಅಲ್ಲಿರುವವಳು ಮಿಲೇನಾ, ಸೆರ್ಬಿಯಾದವಳು, ಟ್ರಾಮ್ ಓಡಿಸುತ್ತಾಳೆ. ಹಬ್ಬದ ದಿನವೂ ಪಾಳಿ.

ಮನುಷ್ಯರ ಜೊತೆ ಒಡನಾಟ ಬೆಳೆಸುವ ಆಸೆಯಿಂದ ಅಲ್ಲ. ಸಲಾಡ್ ಹಳಸುತ್ತದೆ.

ಜನವರಿ 8

ಮೊನ್ನೆಯಿಂದ ದೀಪದ ಹೊತ್ತು ಇಳಿಸಿದೆ. ಬೆಳಿಗ್ಗೆ ಆರಕ್ಕೆ ಹತ್ತಿ ಸಂಜೆ ಆರಕ್ಕೆ ಆರುತ್ತದೆ. ಆಮೇಲೆ ಕಗ್ಗತ್ತಲು. ಇನ್ನು ಬೇಸಿಗೆ ಮುಗಿಯಿತು ಎಂದು ಗಿಡ ನಂಬಬೇಕು, ನಂಬಿದರೇ ಹೂ ಬಿಡುವುದು. ನಡುವೆ ಬಾಗಿಲು ತೆರೆದು ಬೆಳಕು ಬಿದ್ದರೆ ನಂಬಿಕೆ ಕೆಡುತ್ತದೆ. ಕತ್ತಲಲ್ಲಿ ಕಾಲ ಮುಗಿಯಿತೆಂದು ತಿಳಿದು ಹೂ ಬಿಡುವ ಗಿಡವಂತೆ. ಬೆಂಚಿನ ಮೇಲೆ ರಾತ್ರಿಯೆಲ್ಲ ಕಣ್ಣು ಬಿಟ್ಟು ಮಲಗುವ ನನಗೆ ಮಾತ್ರ ಏನೂ ಬಿಡುತ್ತಿಲ್ಲ, ಬೆನ್ನುನೋವಿನ ಹೊರತು.

ಬಲೆ ಮುಕ್ಕಾಲು ತುಂಬಿದೆ. ದಿನವೂ ಬೆಳಿಗ್ಗೆ ಮೊಣಕಾಲೂರಿ, ಮೇಲೆದ್ದ ಚಿಗುರನ್ನು ಬಲೆಯ ಕೆಳಗೆ ಎಳೆದು ಪಕ್ಕದ ಕಿಂಡಿಗೆ ದಾಟಿಸುತ್ತೇನೆ. ಪಕ್ಕದ ಕಿಂಡಿಯಲ್ಲಿ ಮತ್ತೆ ತಲೆ ಎತ್ತುತ್ತದೆ. ಮತ್ತೆ ಎಳೆಯುತ್ತೇನೆ. ಮಾತಾಡುವುದೂ ಉಂಟು. ಕಾಲುಚೀಲಗಳು ಮುಗಿಯುತ್ತಾ ಬಂದಿವೆ, ಹಿಂಬದಿಯಲ್ಲಿ ಕರಿ ಗೆರೆಯಿರುವ ಆ ಒಳ್ಳೆಯ ಜೊತೆಯನ್ನೂ ಬಿಡಲಿಲ್ಲ. ಅದನ್ನು ಕತ್ತರಿಸಲು ಮನಸ್ಸಾಗದೆ ಇಡಿಯಾಗಿಯೇ ಸುತ್ತಿ ಕಟ್ಟಿದೆ.

ಬೆಳಿಗ್ಗೆ ಮಿಲೇನಾ ಬಟ್ಟಲು ವಾಪಸು ತಂದಳು. ಖಾಲಿಯಲ್ಲ, ಚೀಸ್ ತುಂಬಿದ ಪದರ ರೊಟ್ಟಿ. ನಿನ್ನೆ ಅವರ ಕ್ರಿಸ್ಮಸ್ಸಂತೆ.

"ನಿಮ್ ಸಲಾಡಲ್ಲಿ ಉಪ್ಪೇ ಇರ್ಲಿಲ್ಲ, ಬೋಸ್ಲರ್ ಸಾಹೇಬ್ರೆ."

"ಉಪ್ಪು ನನ್ ಹೆಂಡ್ತಿ ಹಾಕೋಳು."

"ಹಂಗಾದ್ರೆ ಇನ್ಮೇಲೆ ನೀವೇ ಹಾಕ್ಬೇಕಲ್ವಾ?"

ಎಷ್ಟು ಸುಲಭ! ಸೆರ್ಬಿಯಾದವರಿಗೆ ಎಲ್ಲವೂ ಸುಲಭ.

ಜನವರಿ 27

ಎಡಗಡೆಯ ಗಿಡ ಗಂಡು. ಗೆಣ್ಣಿನಲ್ಲಿ ಸಣ್ಣ ಸಣ್ಣ ಗುಂಡುಗಳು ಕಂಡವು. ಗಡ್ಡದವರೆಲ್ಲ ಒಕ್ಕೊರಲಿನಿಂದ ಹೇಳುತ್ತಾರೆ, ಗಂಡಿನಿಂದ ಏನೂ ಪ್ರಯೋಜನವಿಲ್ಲ, ಜಾಗ ತಿನ್ನುತ್ತದೆ, ಬಿಟ್ಟರೆ ಹೆಣ್ಣುಗಳನ್ನೂ ಕೆಡಿಸುತ್ತದೆ, ಕಿತ್ತೆಸೆಯಿರಿ. ಓದುತ್ತಾ ಹೋದಂತೆ ಗೆರ್ಲಿಂಡೆ ನಮ್ಮ ನೆಂಟರ ಮುಂದೆ ನನ್ನನ್ನು ವರ್ಣಿಸುತ್ತಿದ್ದುದು ನೆನಪಾಯಿತು.

ಕಿತ್ತೆ. ಎಡ ಮೂಲೆ ಖಾಲಿ. ಪಕ್ಕದ ಗಿಡದ ಎರಡು ಕೊಂಬೆಗಳನ್ನು ಆ ಕಡೆಗೆ ತಿರುಗಿಸಿ ಕಟ್ಟಿದೆ. ಪೂರ್ತಿ ತುಂಬಲಿಕ್ಕಿಲ್ಲ.

ಫೆಬ್ರವರಿ 11

ಹೂ ಬಿಟ್ಟಿವೆ. ಎಡ ಮೂಲೆ ಬಿಟ್ಟರೆ ಬಲೆಯ ಪ್ರತಿ ಕಿಂಡಿಯಲ್ಲೂ ಒಂದೊಂದು, ಎಲ್ಲವೂ ಒಂದೇ ಎತ್ತರ, ಬ್ರಷ್ಷಿನ ಕೂದಲಿನಂತೆ. ಮೇಲಿನಿಂದ ನೋಡಿದರೆ ಯಾರೋ ಹಸಿರು ಕಂಬಳಿಗೆ ಇಸ್ತ್ರಿ ಹಾಕಿಟ್ಟಂತಿದೆ. ಒಳಚರಂಡಿ ನಕ್ಷೆಯಲ್ಲಿಯೂ ನಾನು ಇಷ್ಟು ಸಮತಟ್ಟಾದ ಕೆಲಸ ಮಾಡಿರಲಿಲ್ಲ.

ವಾಸನೆಯೂ ಬಂದಿದೆ. ಹಸಿ ನಿಂಬೆ, ಟರ್ಪೆಂಟೈನು, ಬೆಕ್ಕು ಓಡಾಡಿದ ಮೂಲೆ, ಮೂರೂ ಸೇರಿದ ಹಾಗೆ. ನನಗೇನೂ ತೊಂದರೆಯಿಲ್ಲ. ದಿನಕ್ಕೆರಡು ಸಲ ಕಿಟಕಿಯನ್ನು ಪೂರ್ತಿ ತೆರೆದು, ಬೀರುವನ್ನೂ ತೆರೆದು, ಹತ್ತು ನಿಮಿಷ ಗಾಳಿ ಆಡಿಸುತ್ತೇನೆ. ಹಿಮ ಬೀಳಲಿ, ಸಿಡಿಲು ಬೀಳಲಿ, ಈ ಸೀಮೆಯಲ್ಲಿ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಕಿಟಕಿ ತೆರೆಯದವನು ಮನುಷ್ಯನೇ ಅಲ್ಲ. ಬಾಡಿಗೆ ಕರಾರಿನಲ್ಲೇ ಬರೆದಿದೆ, ಗಾಳಿಯಾಡಿಸದಿದ್ದರೆ ಬೂಷ್ಟಿಗೆ ಬಾಡಿಗೆದಾರನೇ ಹೊಣೆ ಎಂದು. ವಾಸನೆ ಕಿಟಕಿಯಿಂದ ಹೊರಗೆ ಹೋಯಿತು ಎಂದರೆ ಮುಗಿಯಿತು. ಹೊರಗೆ ಹೋದದ್ದು ಹೊರಗಿನವರದ್ದು.

ಚಳಿಗೆ ಗಿಡದ ಅಂಚಿನೆಲೆಗಳು ನೇರಳೆಗೆ ತಿರುಗಿವೆ. ನನ್ನ ಮೂಗೂ.

ಫೆಬ್ರವರಿ 19

ಮೆಟ್ಟಿಲಲ್ಲಿ ರೋಮಿಂಗರಮ್ಮ ಮೂಗೆತ್ತಿ ನಿಂತಿದ್ದಳು, ಬೇಟೆನಾಯಿಯ ಹಾಗೆ.

"ಬೋಸ್ಲರ್, ನಿಮ್ಗೇನೂ ವಾಸ್ನೆ ಬರ್ತಿಲ್ವೇನ್ರೀ?"

"ನೆಗಡಿ," ಎಂದೆ.

"ಮೇಲಿಂದ ಬರ್ತಿದೆ. ಅಟ್ಟದ ಬಾಗ್ಲ ಹತ್ರ ಹೋದ್ರೆ ತಲೆ ಸುತ್ತುತ್ತೆ. ಆ ಟ್ರಾಮ್ ಹುಡ್ಗಿ ಕಣ್ರೀ. ಹಗಲೆಲ್ಲಾ ನಿದ್ದೆ, ಕಿಟಕಿ ಯಾವಾಗ್ಲೂ ಓರೆ ತೆಗೆದಿರುತ್ತೆ. ಹೋದ್ಸಲ ತನ್ನ ಗುಡಿಸೋ ವಾರದಲ್ಲಿ ಮೆಟ್ಟಿಲ ಮೂಲೆಗಳನ್ನ ಬಿಟ್ಟಿದ್ಳು. ಮೂಲೆ ಬಿಡೋರು ಏನ್ ಬೇಕಾದ್ರೂ ಮಾಡ್ತಾರೆ."

"ಟ್ರಾಮ್ ಓಡಿಸೋರಿಗೆ ಅದೆಲ್ಲ ಸೇದೋಕೆ ಬಿಡಲ್ಲ ಅನ್ಸುತ್ತೆ."

"ಸೇದ್ತಾಳೋ ಮಾರ್ತಾಳೋ. ಎಚ್ಚರಿಕೆ ಪತ್ರ ಕೊಟ್ಟಾಯ್ತು. ತಿಂಗಳ ಕೊನೇಲಿ ಇನ್ನೊಂದ್ಸಲ ಮೂಗಿಗೆ ಬಡೀಲಿ, ಮನೆ ಖಾಲಿ ಮಾಡಿಸ್ತೀನಿ. ನನ್ ಗಂಡ ಕಟ್ಟಿದ್ ಮನೆ ಇದು, ಗಾಂಜಾ ಗೂಡಲ್ಲ."

ನನ್ನ ಕಿಟಕಿಯ ನೇರ ಮೇಲೆ ಮಿಲೇನಾಳ ಓರೆ ಕಿಟಕಿ. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ ಎಂಬುದನ್ನು ಎಸ್ಲಿಂಗನ್ನಿನಲ್ಲಿ ಇಂಗ್ಲಿಷಿಗಿಂತ ಮೊದಲೇ ಕಲಿಸಿದ್ದರು.

ಹೂ ಮಾಗಲು ಇನ್ನೂ ಎರಡು ಮೂರು ವಾರ ಬೇಕು. ಈಗಲೇ ಕೊಯ್ದರೆ ಹುಲ್ಲು. ಹೇಳಿದರೆ ರೋಮಿಂಗರಮ್ಮ ಅದೇ ದಿನ ಕೀಳಿಸುತ್ತಾಳೆ, ಆಮೇಲೆ ನನ್ನನ್ನೂ. ಈ ಮನೆಗೆ ನಾವಿಬ್ಬರೂ ಮದುವೆಯಾದ ವರ್ಷ ಬಂದದ್ದು. ಹೇಳದಿದ್ದರೆ ಒಂದು ಟ್ರಾಮಿನ ಹುಡುಗಿ ಬೇರೆ ಮನೆ ಹುಡುಕಿಕೊಳ್ಳುತ್ತಾಳೆ. ಎಳೆ ವಯಸ್ಸು. ಸೆರ್ಬಿಯಾದವರಿಗೆ ಎಲ್ಲವೂ ಸುಲಭ.

ಫೆಬ್ರವರಿ 22

ಶನಿವಾರ. ಗುಡಿಸುವ ಹಲಗೆ ಕೈ ಬದಲಾಗುವ ದಿನ. ನಮ್ಮ ಮನೆಯಲ್ಲಿ ಅದು ಅಂಗೈಯಗಲದ ಮರದ ತುಂಡು, ಹಗ್ಗ ಕಟ್ಟಿದ್ದು. ಯಾರ ಬಾಗಿಲಲ್ಲಿ ನೇತಾಡುತ್ತದೋ ಆ ವಾರ ಮೆಟ್ಟಿಲು, ಅಂಗಳ, ಬೀದಿಯ ಅಂಚು ಅವರದು. ನನ್ನ ವಾರ ಮುಗಿದಿತ್ತು, ಅಟ್ಟಕ್ಕೆ ಹೋಗಿ ಮಿಲೇನಾಳ ಬಾಗಿಲಿಗೆ ಹಲಗೆ ತೂಗುಹಾಕುವಷ್ಟರಲ್ಲಿ ಅವಳೇ ಬಾಗಿಲು ತೆರೆದಳು. ಒಳಗೆ ರಟ್ಟಿನ ಪೆಟ್ಟಿಗೆಗಳು.

"ಪತ್ರ ಬಂತು," ಎಂದಳು. "ನೋಡಿದ್ರಾ? ಎಷ್ಟು ಮುದ್ದಾಗಿ ಬರೆದಿದಾರೆ. 'ಗೌರವಾನ್ವಿತರೇ, ತಮ್ಮ ವಾಸನೆ...'"

"ನೀವಲ್ಲ ಅಂತ ಹೇಳ್ಬೇಕಿತ್ತು."

"ಹೇಳ್ದೆ. ಹಾಗಾದ್ರೆ ಯಾರು ಅಂದ್ರು. ಗೊತ್ತಿಲ್ಲ ಅಂದೆ." ಬಾಗಿಲ ಚೌಕಟ್ಟಿಗೆ ಒರಗಿದಳು. "ನನ್ ಹಾಸಿಗೆ ಕಿಟಕಿ ಪಕ್ಕದಲ್ಲೇ ಇದೆ, ಸಾಹೇಬ್ರೆ. ರಾತ್ರಿ ಪಾಳಿ ಮುಗ್ಸಿ ಬೆಳಿಗ್ಗೆ ಬಂದು ಮಲಗ್ತೀನಿ. ಎಂಟೂವರೆಗೆ ಕೆಳಗಿನ ಕಿಟಕಿ ದಢಾರ್ ಅಂತ ತೆರೆದ್ಕೊಳ್ಳುತ್ತೆ. ಹಿಂದೇನೇ ಆ ಘಮ. ಅದರ ಹಿಂದೆ ನೀವು ಯಾರ ಜೊತೇನೋ ಮಾತಾಡ್ತಿರ್ತೀರ. 'ಸ್ವಲ್ಪ ಬಗ್ಗೇ, ಮಾರಾಯ್ತಿ' ಅಂತ."

ನಾನು ಕೈಯಲ್ಲಿದ್ದ ಹಲಗೆಯ ಹಗ್ಗವನ್ನು ನೋಡುತ್ತಿದ್ದೆ. ಗಂಟು ಸಡಿಲವಾಗಿತ್ತು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನಮ್ಮಜ್ಜಿ ಸತ್ತಾಗ ನಮ್ಮಜ್ಜ ಬಚ್ಚಲುಮನೇಲಿ ಕೋಳಿ ಸಾಕಿದ್ದ. ಎಂಟು ಕೋಳಿ. ಯಾರೂ ಏನೂ ಅನ್ಲಿಲ್ಲ. ಅದಕ್ಕಿಂತ ಇದು ವಾಸಿ, ಕೂಗಲ್ಲ." ನನ್ನ ಕೈಯಿಂದ ಹಲಗೆ ತೆಗೆದುಕೊಂಡು ತಾನೇ ತೂಗುಹಾಕಿದಳು. "ಹೋಗೋಕೆ ಮುಂಚೆ ಈ ಸಲ ಮೂಲೆನೂ ಗುಡಿಸ್ತೀನಿ, ಹೇಳಿ ಅವ್ರಿಗೆ."

ಫೆಬ್ರವರಿ 23

ಬರೆಯುವಂಥದ್ದೇನೂ ಇಲ್ಲ.

ಫೆಬ್ರವರಿ 24

ಬೆಳಿಗ್ಗೆ ಎಂಟಕ್ಕೆ ಅಟ್ಟಕ್ಕೆ ಹೋಗಿ ಮಿಲೇನಾಳ ಬಾಗಿಲಿನ ಹಲಗೆ ಬಿಚ್ಚಿ ತಂದು ನನ್ನ ಬಾಗಿಲಿಗೆ ಹಾಕಿದೆ. ಹೋಗಿ ಗಂಟೆ ಒತ್ತಿ ತಪ್ಪೊಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಇಲ್ಲಿ ಅದು ಬೇಕಾಗಿಯೂ ಇಲ್ಲ. ಸರದಿ ತಪ್ಪಿದ ಹಲಗೆ ಬೆಂಕಿಯ ಗಂಟೆಗಿಂತ ಜೋರಾಗಿ ಕೂಗುತ್ತದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

"ಏನ್ರೀ ಬೋಸ್ಲರ್! ಹಲಗೆ ಯಾಕೆ ನಿಮ್ ಬಾಗ್ಲಲ್ಲಿ ನೇತಾಡ್ತಿದೆ? ಈ ವಾರ ಮೇಲಿನವಳದ್ದು."

"ಗೊತ್ತು."

"ಗೊತ್ತಿದ್ದೂ ಹಾಕಿದೀರಾ? ಹುಷಾರಾಗಿದೀರಾ?"

"ಗಲೀಜು ಮಾಡಿದೋರು ತಾನೇ ಗುಡಿಸ್ಬೇಕು? ವಾಸ್ನೆ ನಂದು."

ರೋಮಿಂಗರಮ್ಮ ನನ್ನ ಮುಖ ನೋಡಿದಳು. ಆಮೇಲೆ ಕಾಲೊರಸಿನ ಮೇಲೆ ಕಾಲು ಒರೆಸದೆ ಒಳಗೆ ಬಂದಳು. ಇಷ್ಟು ವರ್ಷಗಳಲ್ಲಿ ಇದೇ ಮೊದಲು. ಮಲಗುವ ಕೋಣೆಗೆ ಕರೆದುಕೊಂಡು ಹೋದೆ. ಹಾಸಿಗೆಯ ಮೇಲಿನ ಬಟ್ಟೆಯ ರಾಶಿಯ ಮುಂದೆ ಅವಳ ಕಾಲು ಒಂದು ಕ್ಷಣ ನಿಂತಿತು. ಬೀರುವಿನ ಬಾಗಿಲು ತೆಗೆದೆ.

ಬೆಳಕು ಅವಳ ಮುಖಕ್ಕೆ ಹೊಡೆಯಿತು. ಕತ್ತಿನಲ್ಲಿ ನೇತಾಡುತ್ತಿದ್ದ ಕನ್ನಡಕ ಏರಿಸಿ ಬಗ್ಗಿದಳು. ಹಸಿರು ಚಪ್ಪಟೆ, ಅದರ ಮೇಲೆ ಸಾಲು ಸಾಲು ಹೂ, ಕೆಳಗೆ ಮೈಬಣ್ಣದ ಗಂಟುಗಳು. ಬೈಗುಳಕ್ಕಾಗಿ ಕಾದೆ.

"ಇದು ಗೆರ್ಲಿಂಡೆ ಕಾಲುಚೀಲ."

"ಹೌದು."

"ಈ ಗೆರೆ ಇರೋದು. ನನ್ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಹಾಕ್ಕೊಂಡ್ ಬಂದಿದ್ದು. ಈ ವಯಸ್ಸಲ್ಲಿ ಗೆರೆ ಕಾಲುಚೀಲ ಬೇಕೇನೇ ಅಂತ ಅಂದಿದ್ದೆ ನಾನು."

"ನೀವು ಹಾಗನ್ನಲಿ ಅಂತಾನೇ ಹಾಕ್ಕೊಂಡಿದ್ದು."

ಅವಳ ಗಂಟಲಲ್ಲಿ ಏನೋ ಸದ್ದಾಯಿತು. ನಗುವೋ ಕೆಮ್ಮೋ. ಈ ಕಟ್ಟಡದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಬೀಜ ಗೆರ್ಲಿಂಡೆಯೇ ತರಿಸಿದ್ದು ಎಂದೆ. ಮಾತು ಕೊಟ್ಟಿದ್ದೆ ಎಂದೆ. ಮೂರರಲ್ಲಿ ಒಂದು ಹೋಯಿತು, ಇನ್ನೆರಡು ವಾರದಲ್ಲಿ ಕೊಯ್ಯುತ್ತೇನೆ, ಆಮೇಲೆ ಬೇಕಾದರೆ ಮನೆ ಬಿಡಿಸಿ ಎಂದೆ.

"ತಲೆಗೆ ಮೂರು ಅಂತಲ್ವೇನ್ರೀ ಕಾನೂನು? ಪೇಪರಲ್ಲಿ ಓದಿದ್ದೆ. ಇಬ್ರಿಗೆ ಆರು ಆಗ್ತಿತ್ತು. ಮೂರೇ ಯಾಕ್ ತರಿಸಿದ್ಳು?"

"ಜಿಪುಣಿ," ಎಂದೆ.

ರೋಮಿಂಗರಮ್ಮ ನಗಲಿಲ್ಲ. "ಅವ್ಳು ಲೆಕ್ಕದಲ್ಲಿ ಯಾವತ್ತೂ ತಪ್ಪಿದೋಳಲ್ಲ," ಎಂದಳು, ಗಿಡದ ಕಡೆಗೆ ನೋಡುತ್ತಲೇ.

ದೀಪದ ಕೊಕ್ಕೆ ಸಡಿಲವಾದಂತೆ ಕಂಡಿತು. ಅದನ್ನು ಸ್ವಲ್ಪ ಹೊತ್ತು ಸರಿಪಡಿಸಿದೆ. ಬಿಗಿಯಾಗಿಯೇ ಇತ್ತು.

ನಾನು ತಿರುಗಿದಾಗ ಅವಳು ಕಿಟಕಿಯ ಹತ್ತಿರ ನಿಂತಿದ್ದಳು.

"ಇದ್ಯಾಕೆ ಹೀಗೆ ಹಾರು ಹೊಡ್ದಿದೆ?"

"ಗಾಳಿ ಆಡ್ಬೇಕಲ್ಲ. ದಿನಕ್ಕೆರಡು ಸಲ. ಕರಾರಲ್ಲಿ ನೀವೇ ಬರ್ಸಿದೀರಿ."

"ಮುಚ್ರೀ."

"ಏನು?"

"ಕಿಟಕಿ ಮುಚ್ರೀ ಅಂದೆ! ಹೂ ಕೊಯ್ಯೋ ತನಕ ತೆಗೀಬೇಡಿ. ಬೂಷ್ಟು ಬಂದ್ರೆ ನಾನ್ ನೋಡ್ಕೋತೀನಿ."

ಇಂಥ ಮಾತಾಡಿದ ಮನೆಯೊಡತಿ ಸ್ಟುಟ್‌ಗಾರ್ಟ್ ಹುಟ್ಟಿದ ಮೇಲೆ ಇನ್ನೊಬ್ಬಳಿರಲಾರಳು. ನಾನು ಕಿಟಕಿ ಮುಚ್ಚಿದೆ.

"ಆ ಹುಡ್ಗಿ?"

"ಅದು ನಂಗೂ ಅವ್ಳಿಗೂ ಬಿಟ್ಟಿದ್ದು. ಎಡ ಮೂಲೆ ಖಾಲಿ ಬಿಟ್ಟಿದೀರ, ನೋಡೋಕೆ ಚೆನ್ನಾಗಿಲ್ಲ." ಹೋಗುವಾಗ ಬಾಗಿಲಿನಿಂದ ಹಲಗೆ ಬಿಚ್ಚಿಕೊಂಡು ಹೋದಳು.

ಫೆಬ್ರವರಿ 26

ಹಲಗೆ ರೋಮಿಂಗರಮ್ಮನ ಬಾಗಿಲಲ್ಲಿದೆ! ಗಂಡ ಕಟ್ಟಡ ಕಟ್ಟಿದ ಮೇಲೆ ಆ ಬಾಗಿಲು ಹಲಗೆಯನ್ನು ಕಂಡದ್ದಿಲ್ಲ. ಒಡೆಯರ ಪಾಲಿನ ವಾರ ಎಂಬುದೇ ಇಲ್ಲ.

ಬೆಳಿಗ್ಗೆ ಅವಳು ಅಟ್ಟದ ಮೆಟ್ಟಿಲಿನಿಂದ ಶುರುಮಾಡಿ, ಮೊಣಕಾಲೂರಿ, ಒಂದೊಂದೇ ಮೆಟ್ಟಿಲು ಒರೆಸುತ್ತಾ ಇಳಿದಳು. ಮೂಲೆಗಳಿಗೆ ಬೆರಳಿಗೆ ಬಟ್ಟೆ ಸುತ್ತಿ. ಪಾಳಿ ಮುಗಿಸಿ ಬಂದ ಮಿಲೇನಾ ಬೂಟು ಕೈಯಲ್ಲಿ ಹಿಡಿದು, ಎಲ್ಲಿ ಕಾಲಿಡುವುದೋ ತಿಳಿಯದೆ ನನ್ನ ಬಾಗಿಲ ಬಳಿ ನಿಂತಳು.

"ಇವ್ರಿಗೆ ಹುಷಾರಿಲ್ವಾ?" ಎಂದು ಪಿಸುಗುಟ್ಟಿದಳು.

"ಕ್ಷಮೆ ಕೇಳ್ತಿದಾರೆ."

"ನನ್ ಹತ್ರಾನಾ? ಯಾವಾಗ ಮುಗಿಯುತ್ತೆ?"

"ಕೊನೇ ಮೆಟ್ಟಿಲು ಬಂದಾಗ."

"ಬಾಯಲ್ಲಿ ಒಂದು ಮಾತು ಹೇಳಿದ್ರೆ ಬೇಗ ಆಗ್ತಿತ್ತಲ್ವಾ?"

"ಈ ಊರಲ್ಲಿ ಅದು ಕಷ್ಟ," ಎಂದೆ. ಕೆಳಗಿನಿಂದ ರೋಮಿಂಗರಮ್ಮ ಕೂಗಿದಳು, ಮಾತಾಡೋರು ಮೆಟ್ಟಿಲಲ್ಲಿ ನಿಂತು ಮಾತಾಡ್ಬೇಡಿ, ಒದ್ದೆ ಇದೆ, ಮನೆಯೊಳಗೆ ಹೋಗಿ ಮಾತಾಡಿ. ಹಾಗಾಗಿ ಮಿಲೇನಾ ಒಳಗೆ ಬಂದು ಕಾಫಿ ಕುಡಿದಳು. ಅವಳ ಕೋಟು ತೆಳ್ಳಗಿದೆ. ರಾತ್ರಿ ಪಾಳಿಗೆ ಟ್ರಾಮ್ ಡಿಪೋಗೆ ಹೋಗುವವರು ಹಾಕುವಂಥದಲ್ಲ. ರಾಶಿಯಿಂದ ಗೆರ್ಲಿಂಡೆಯ ಬೂದು ಕೋಟು ತೆಗೆದುಕೊಟ್ಟೆ. ತೋಳು ಸ್ವಲ್ಪ ಗಿಡ್ಡ. "ಚೆನ್ನಾಗಿದೆ," ಎಂದಳು. ಅಪ್ಪಟ ಉಣ್ಣೆಯದು, ಚೆನ್ನಾಗಿರದೇ ಏನು.

ಮೇಲೆ ಪೆಟ್ಟಿಗೆಗಳನ್ನು ಬಿಚ್ಚುವ ಸದ್ದು ಮಧ್ಯಾಹ್ನ ಕೇಳಿತು.

ಮಾರ್ಚ್ 15

ಮೊನ್ನೆ ಕೊಯ್ದೆ. ಗಡ್ಡದವರು ಹೇಳಿದ ಹಾಗೆ ಕೊಂಬೆಗಳನ್ನು ಕತ್ತಲಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಬೀರುವಿನಲ್ಲಿ ಅವಳ ಹ್ಯಾಂಗರುಗಳು ಖಾಲಿಯೇ ಇದ್ದವು, ಅವುಗಳಿಗೇ ಹಾಕಿದೆ. ಎಡಗಡೆಯ ಅರ್ಧ ಮತ್ತೆ ತುಂಬಿದೆ. ಬಲೆ ಬಿಚ್ಚುವಾಗ ಗಂಟುಗಳನ್ನು ಒಂದೊಂದಾಗಿ ಬಿಡಿಸಿದೆ. ಗೆರೆ ಇದ್ದ ಜೊತೆಯನ್ನು ಒಗೆದು ಕೊಡುತ್ತೇನೆಂದು ರೋಮಿಂಗರಮ್ಮ ತೆಗೆದುಕೊಂಡು ಹೋದಳು. ಇನ್ನೂ ಕೊಟ್ಟಿಲ್ಲ. ಕೇಳುವುದಿಲ್ಲ.

ಉಳಿದ ಬಟ್ಟೆಗಳು ನಿನ್ನೆ ಚರ್ಚಿನ ಪೆಟ್ಟಿಗೆಗೆ ಹೋದವು. ನೀಲಿ ಮನೆಯಂಗಿ ಬಿಟ್ಟು. ಅದು ಹಾಸಿಗೆಯ ಕಾಲ ಬಳಿ ಇದೆ, ಜಾಗ ತಿನ್ನುವುದಿಲ್ಲ. ಊಟದ ಮೇಲೆ ಬೆಂಚಿಗೆ ಹೋಗದೆ ಅಲ್ಲೇ ಒರಗಿದೆ, ಎದ್ದಾಗ ಮೂರೂವರೆ. ಸೊಪ್ಪಿನ ವಾಸನೆಗೆ ನಿದ್ದೆ ಬಂದಿರಬೇಕು. ಅದಿನ್ನೂ ಒಣಗಿಯೇ ಇಲ್ಲ, ಆದರೂ ಅದರದೇ ಕೆಲಸ. ಬೇರೆ ಕಾರಣ ಹೊಳೆಯುತ್ತಿಲ್ಲ.

ಬೆಳಿಗ್ಗೆ ಏಣಿ ಹಾಕಿ ಬೇರಿಕಾಯಿ ಮರದ ಚಿಗುರು ಕತ್ತರಿಸಿದೆ. ಒಂದು ವರ್ಷ ಬಿಟ್ಟದ್ದಕ್ಕೆ ಗೋಡೆ ಬಿಟ್ಟು ಬೀದಿಗೆ ಕೈ ಚಾಚಿತ್ತು. ಮತ್ತೆ ಒತ್ತಿ ಕಟ್ಟಿದೆ. ಕೆಳಗೆ ಏಣಿ ಹಿಡಿದ ಮಿಲೇನಾ, ಅದೂ ನಿಮ್ ಮಾತು ಕೇಳುತ್ತಾ ಎಂದಳು. ಈ ಸಲ ಕಣಜಗಳಿಗೆ ಬಿಡುವುದಿಲ್ಲ.

ಶರತ್ಕಾಲಕ್ಕೆ ಮತ್ತೆ ಮೂರು ಬೀಜ ತರಿಸಬಹುದು, ಎಡ ಮೂಲೆಯ ಗಿಡವೂ ಕೈಗೆ ಹತ್ತಬಹುದು. ತಲೆಗೆ ಮೂರು. ಈ ಮನೆಯಲ್ಲಿ ಒಂದು ತಲೆ. ಏಪ್ರಿಲಿನಲ್ಲೇ ಅವಳು ಅಷ್ಟು ಲೆಕ್ಕ ಹಾಕಿದ್ದಳು, ನಾನು ಈಗ ಹಾಕುತ್ತಿದ್ದೇನೆ. ಗಣಿತದಲ್ಲಿ ಯಾವತ್ತೂ ಅವಳೇ ಮುಂದೆ.

ಅಕ್ಷರ ಕಾಣುತ್ತಿಲ್ಲ. ಬೀರುವಿನ ದೀಪಕ್ಕೆ ಕೈ ಚಾಚಿದೆ, ಬಿಚ್ಚಿಟ್ಟದ್ದು ಮರೆತೇಹೋಗಿತ್ತು. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ. ಇವತ್ತು ಶನಿವಾರ, ಹಲಗೆ ಇನ್ನೂ ನನ್ನ ಬಾಗಿಲಲ್ಲಿದೆ. ಮೂಲೆ ಕಾಣುವಷ್ಟು ಬೆಳಕಿರುವಾಗಲೇ ಮೆಟ್ಟಿಲು ಗುಡಿಸಿ ಬರಬೇಕು.